ಇಳಿಸುವ ಕೈಯಿಲ್ಲದ ಮನೆಗೆ ಬಾವುಟದ ಕಂಬ ಯಾಕೆ?

ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೊರಡಿ, ಇಲ್ಲವೇ ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆಗೆ. ತೋಟದ ಮನೆಗಳ ಗೇಟಿನ ಪಕ್ಕದಲ್ಲಿ ಹೊಸದಾಗಿ ಎದ್ದ ಸ್ಟೀಲ್ ಕಂಬಗಳು, ಅವುಗಳ ತುದಿಯಲ್ಲಿ ತ್ರಿವರ್ಣ ಧ್ವಜ ಈಗ ಅಲ್ಲಲ್ಲಿ ಕಾಣಸಿಗುತ್ತವೆ. 2022ರ ಆಗಸ್ಟಿನಲ್ಲಿ ‘ಹರ್ ಘರ್ ತಿರಂಗಾ’ ಅಭಿಯಾನದ ಹೊತ್ತಿಗೆ ಮಹಡಿ ಮೇಲೆ ಹಾರಿದ ಬಾವುಟ ಕೆಲವರ ಅಂಗಳದಲ್ಲಿ ಕಾಯಂ ಆಗಿ ನೆಲೆಸಿತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿದ ಮೇಲೆ ಗೇಟು, ಕಾಂಪೌಂಡು ಕಟ್ಟಿಸಿಕೊಂಡ ಕೆಲವರು ಜೊತೆಗೊಂದು ಕಂಬವನ್ನೂ ನೆಡಿಸಿದರು.

ಇದರ ಹಿಂದೆ ಒಂದು ನಂಬಿಕೆ ಬಲವಾಗಿ ಕೂತಿದೆ. ಕಂಬ ಎತ್ತರವಾದಷ್ಟೂ ಧ್ವಜಕ್ಕೆ ಗೌರವ ಹೆಚ್ಚು. ಹಗಲೂ ರಾತ್ರಿ, ವರ್ಷವಿಡೀ ಮೇಲಿದ್ದರೆ ಇನ್ನೂ ಹೆಚ್ಚು. ಒಂದು ಸಲ ನಿಲ್ಲಿಸಿದರೆ ಮತ್ತೆ ಅದರ ಕಡೆ ತಿರುಗಿ ನೋಡಬೇಕಾಗಿಲ್ಲ, ಹಾಗೆ ಗಟ್ಟಿಯಾಗಿರಬೇಕು. ವೇದಿಕೆಯ ಮೇಲೆ ಮಾತಾಡುವವರು ಹೇಳುವುದೂ ಇದೇ, ಪೈಪು ಬೆಸುಗೆ ಹಾಕುವ ಅಂಗಡಿಯಲ್ಲಿ ಕೇಳಿಬರುವುದೂ ಇದೇ. ಈ ನಂಬಿಕೆ ಬುಡದಿಂದಲೇ ತಪ್ಪು ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಮನೆಯಂಗಳದಲ್ಲಿ ಧ್ವಜ ಹಾರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬೆಳಿಗ್ಗೆ ಏರಿಸಿದ ಧ್ವಜವನ್ನು ಸಂಜೆ ಇಳಿಸಲಾಗದ ಮನೆಯವರು ಕಂಬವನ್ನೇ ನೆಡಬಾರದು ಎಂಬುದು ನನ್ನ ವಾದ.

ಕಾರ್ತಿಕದಲ್ಲಿ ನೊಣವಿನಕೆರೆ ಕಡೆಯ ಒಂದು ತೋಟದ ಮನೆಯೆದುರು ನಾನು ಕಂಡ ಧ್ವಜವನ್ನು ಇಲ್ಲಿ ಇದ್ದಂತೆಯೇ ಹೇಳುತ್ತೇನೆ. ಆಗಸ್ಟ್ 15ಕ್ಕೆ ಏರಿಸಿದ್ದು. ಕೇಸರಿ ಬಿಳಚಿಕೊಂಡು ಗೋಡೆಗೆ ಬಳಿಯುವ ತಿಳಿ ಬಣ್ಣದ ಹಾಗಾಗಿತ್ತು. ಹಸಿರು ಪಟ್ಟಿಯ ಹೊರ ಅಂಚು ನಾಲ್ಕು ಬೆರಳಿನಷ್ಟು ಎಳೆ ಬಿಟ್ಟು ಜೋತಾಡುತ್ತಿತ್ತು. ಚಕ್ರದ 24 ಕಡ್ಡಿಗಳಲ್ಲಿ ಒಂದು ಪಕ್ಕದವು ಮಾಸಿಹೋಗಿದ್ದವು. ಹಗ್ಗ ರಾಟೆಯಿಂದ ಜಾರಿ ಪಕ್ಕದ ಸಂದಿಗೆ ಸಿಕ್ಕಿಹಾಕಿಕೊಂಡಿದ್ದರಿಂದ ಧ್ವಜ ತುದಿಯಲ್ಲೂ ಇಲ್ಲ, ಬುಡದಲ್ಲೂ ಇಲ್ಲ, ನಡುಗಂಬದಲ್ಲಿ ನಿಂತುಬಿಟ್ಟಿತ್ತು. ಧ್ವಜ ಅರ್ಧಕ್ಕೆ ನಿಂತರೆ ಅದು ಶೋಕದ ಗುರುತು. ರಾಷ್ಟ್ರಪತಿಯಂಥ ದೊಡ್ಡ ಸ್ಥಾನದಲ್ಲಿದ್ದವರು ತೀರಿಕೊಂಡಾಗ ಸರ್ಕಾರದ ಆದೇಶದ ಮೇಲೆ ಹಾಗೆ ಹಾರಿಸುತ್ತಾರೆ. ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ದೇಶದಲ್ಲೂ ಶೋಕಾಚರಣೆ ಇರಲಿಲ್ಲ. ಹೇಳಿದ್ದಕ್ಕೆ ಯಜಮಾನರು ಬೇಸರವಿಲ್ಲದೆ, ಸಹಜವಾಗಿ ಉತ್ತರಿಸಿದರು: “ದಿನಾ ಏರ್ಸಿ ಇಳ್ಸಕ್ಕೆ ಯಾರಿಗೈತಣ್ಣ ಪುರುಸೊತ್ತು? ಅದ್ರ ಪಾಡಿಗೆ ಅದು ಹಾರ್ಲಿ ಬಿಡಿ.”

ಅವರು ಕೆಟ್ಟವರಲ್ಲ. ಧ್ವಜದ ಮೇಲೆ ಪ್ರೀತಿ ಇದ್ದದ್ದರಿಂದಲೇ ದುಡ್ಡು ಖರ್ಚು ಮಾಡಿ ಕಂಬ ನಿಲ್ಲಿಸಿದವರು. ಆ ಪ್ರೀತಿಗೆ ಯಾರೋ ತಪ್ಪು ದಾರಿ ತೋರಿಸಿದ್ದಾರೆ. ನನ್ನ ಸಿಟ್ಟಿರುವುದು ‘ಅದರ ಪಾಡಿಗೆ ಅದು’ ಎಂಬ ಮಾತನ್ನು ದೇಶಪ್ರೇಮದ ಹೆಸರಿನಲ್ಲಿ ಒಪ್ಪಿತ ಮಾಡಿದ ಚಿಂತನೆಯ ಮೇಲೆ.

ಈ ಮಾತನ್ನು ಎತ್ತಿದ ಕೂಡಲೇ ಕಾನೂನನ್ನು ಮುಂದಿಡುತ್ತಾರೆ. ಇಡಲಿ, ಕಾನೂನನ್ನೇ ಓದೋಣ. ಸಾಮಾನ್ಯ ಪ್ರಜೆ ವರ್ಷದ ಎಲ್ಲ ದಿನ ತನ್ನ ಮನೆಯಲ್ಲಿ ರಾಷ್ಟ್ರಧ್ವಜ ಹಾರಿಸುವ ಅವಕಾಶ ಈ ದೇಶದಲ್ಲಿ ಬಹಳ ಕಾಲ ಇರಲಿಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದಂಥ ಕೆಲವೇ ದಿನಗಳಿಗೆ ಅದು ಸೀಮಿತವಾಗಿತ್ತು. ನವೀನ್ ಜಿಂದಾಲ್ ರಾಯಗಢದ ತಮ್ಮ ಕಾರ್ಖಾನೆಯಲ್ಲಿ ಹಾರಿಸುತ್ತಿದ್ದ ಧ್ವಜಕ್ಕೆ ಅಧಿಕಾರಿಗಳು ತಡೆ ಒಡ್ಡಿದಾಗ ಅವರು ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆ ನಡೆಯುತ್ತಿದ್ದಾಗಲೇ 2002ರ ಜನವರಿ 26ರಂದು ಭಾರತದ ಧ್ವಜಸಂಹಿತೆ ಜಾರಿಗೆ ಬಂತು. 2004ರ ಜನವರಿ 23ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಗೌರವದಿಂದ ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯಡಿ ಪ್ರಜೆಯ ಮೂಲಭೂತ ಹಕ್ಕು, ಆದರೆ ಅದು ನಿರ್ಬಂಧವಿಲ್ಲದ ಹಕ್ಕಲ್ಲ. ‘ಗೌರವದಿಂದ’ ಎಂಬುದು ಆ ಹಕ್ಕಿನ ಒಳಗೇ ಇರುವ ಷರತ್ತು.

ಆಗಲೂ ಸಂಹಿತೆ ಹೇಳುತ್ತಿದ್ದದ್ದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂದು. 2022ರ ಜುಲೈ ತಿಂಗಳಲ್ಲಿ ಆ ಸಾಲನ್ನು ತಿದ್ದಿ, ಬಯಲಿನಲ್ಲಾಗಲಿ ಪ್ರಜೆಯ ಮನೆಯ ಮೇಲಾಗಲಿ ಧ್ವಜವನ್ನು ಹಗಲೂ ರಾತ್ರಿ ಹಾರಿಸಬಹುದು ಎಂದು ಮಾಡಿದರು. ‘ಬಹುದು’ ಎಂದರೆ ಅನುಮತಿ. ನಮ್ಮಲ್ಲಿ ಅದನ್ನು ‘ಹಾರಿಸಲೇಬೇಕು’ ಎಂದು ಓದಿಕೊಂಡರು. ಸಂಜೆ ಇಳಿಸುವವರನ್ನೇ “ಈಗ ರೂಲ್ಸ್ ಚೇಂಜ್ ಆಗಿದೆ ಕಣ್ರೀ, ಇಳಿಸಬಾರದು” ಎಂದು ತಿದ್ದಿದವರನ್ನು ನಾನು ಕಂಡಿದ್ದೇನೆ. ಅಂಥ ನಿಯಮ ಎಲ್ಲೂ ಇಲ್ಲ. ಬದಲಾಗದೆ ಉಳಿದ ಬೇರೆ ಸಾಲುಗಳಿವೆ, ಅವುಗಳನ್ನು ಯಾರೂ ಓದಿ ಹೇಳುವುದಿಲ್ಲ. ಹರಿದ, ಮಾಸಿದ, ಅಸ್ತವ್ಯಸ್ತವಾದ ಧ್ವಜವನ್ನು ಪ್ರದರ್ಶಿಸಬಾರದು. ಅದರ ಮೇಲಾಗಲಿ ಸಮಸಮಕ್ಕೆ ಪಕ್ಕದಲ್ಲಾಗಲಿ ಬೇರೆ ಬಾವುಟ ಇರಬಾರದು. ಒಂದೇ ಕಂಬಕ್ಕೆ ಅದರ ಜೊತೆ ಇನ್ನೊಂದನ್ನು ಕಟ್ಟಬಾರದು. ಧ್ವಜವನ್ನು ಚುರುಕಾಗಿ ಏರಿಸಬೇಕು, ಇಳಿಸುವಾಗ ನಿಧಾನವಾಗಿ, ವಿಧಿಪೂರ್ವಕವಾಗಿ ಇಳಿಸಬೇಕು.

ಈ ಕೊನೆಯ ಸಾಲಿನ ಬಳಿ ಸ್ವಲ್ಪ ನಿಲ್ಲಬೇಕು. ಏರಿಸುವುದಕ್ಕಿಂತ ಇಳಿಸುವುದಕ್ಕೆ ಹೆಚ್ಚು ಸಮಯ, ಹೆಚ್ಚು ಗಮನ ಕೊಡಿ ಎಂದು ಸಂಹಿತೆಯೇ ಹೇಳುತ್ತಿದೆ. ಏರಿಸುವಾಗ ಹತ್ತು ಜನ ಇರುತ್ತಾರೆ, ಫೋಟೋ ಇರುತ್ತದೆ, ಲಾಡು ಇರುತ್ತದೆ. ಇಳಿಸುವಾಗ ಇರುವುದು ಒಂದಿಬ್ಬರು ಮಾತ್ರ. ನಮ್ಮ ಹಳ್ಳಿ ಶಾಲೆಗಳಲ್ಲಿ ಆಗಸ್ಟ್ 15ರ ಸಂಜೆ ಹೆಡ್‌ಮೇಷ್ಟ್ರು ಶಾಲೆಗೆ ಹತ್ತಿರದ ಮನೆಯ ಇಬ್ಬರು ದೊಡ್ಡ ಹುಡುಗರನ್ನು ಕರೆಸುತ್ತಿದ್ದರು. ಒಬ್ಬ ಹಗ್ಗ ಬಿಡಬೇಕು, ಇನ್ನೊಬ್ಬ ಎರಡೂ ಕೈ ಚಾಚಿ ಬಟ್ಟೆ ನೆಲ ಮುಟ್ಟದಂತೆ ಹಿಡಿಯಬೇಕು. ಮಡಿಸಿದ ಧ್ವಜ ಮೇಷ್ಟ್ರ ಬೀರು ಸೇರುತ್ತಿತ್ತು. ಬೆಳಿಗ್ಗೆಯ ಭಾಷಣ ಮರೆತವರಿಗೂ ಆ ಕೆಲಸ ನೆನಪಿದೆ. ಧ್ವಜ ಎಂದರೆ ಏನು ಎಂಬುದು ಆ ಮಕ್ಕಳ ಅಂಗೈಗೆ ತಿಳಿದದ್ದು ಆ ಹೊತ್ತಿನಲ್ಲಿ.

ಇದು ಸರ್ಕಾರಿ ನಿಯಮವೊಂದರ ಮಾತೂ ಅಲ್ಲ. ನಮ್ಮ ಸೀಮೆಯ ಜಾತ್ರೆಗಳನ್ನು ನೋಡಿ. ರಥೋತ್ಸವ ಶುರುವಾಗುವುದು ಧ್ವಜಾರೋಹಣದಿಂದ. ಉತ್ಸವ ಮುಗಿದ ಮೇಲೆ ಗರುಡಗಂಬದಿಂದ ಆ ಧ್ವಜವನ್ನು ಇಳಿಸುವ ಶಾಸ್ತ್ರ ಉಂಟು, ಇಳಿಸುವ ತನಕ ಉತ್ಸವ ಮುಗಿದಂತಲ್ಲ. ನಂದಿಧ್ವಜ ಹೊರುವ ಮನೆತನದವರನ್ನು ಕೇಳಿ. ಸೊಂಟಕ್ಕೆ ಪಟ್ಟಿ ಬಿಗಿದು, ಆಳೆತ್ತರ ಮೀರಿದ ಆ ಭಾರವನ್ನು ಹೊತ್ತು ಕುಣಿದವರು, ಮೆರವಣಿಗೆ ಮುಗಿದ ಮೇಲೆ ಅದನ್ನು ಮಳೆ ಬಿಸಿಲಿಗೆ ನಿಲ್ಲಿಸಿ ಮನೆಗೆ ಹೋಗುವುದಿಲ್ಲ. ಪೂಜೆ ಮಾಡಿ, ಇಳಿಸಿ, ಒಳಗೆ ಮಲಗಿಸುತ್ತಾರೆ. ದೇವರ ಧ್ವಜಕ್ಕೆ ಇಷ್ಟು ಎಚ್ಚರ ತೋರಿಸುವ ಜನ ರಾಷ್ಟ್ರಧ್ವಜದ ವಿಷಯದಲ್ಲಿ ಮಾತ್ರ ‘ಸದಾ ಮೇಲಿರುವುದೇ ಗೌರವ’ ಎಂದು ನಂಬಿದ್ದು ಹೇಗೆ? ಈ ಕಲ್ಪನೆ ನಮ್ಮ ನೆಲದ್ದಲ್ಲ. ದೊಡ್ಡ ಊರುಗಳ ಚೌಕಗಳಲ್ಲಿ ನಿಂತ ಭಾರೀ ಸ್ತಂಭಗಳನ್ನು ನೋಡಿ ತೋಟಕ್ಕೆ ತಂದುಕೊಂಡದ್ದು.

ಆ ಸ್ತಂಭಗಳ ಕಥೆಯನ್ನೂ ತಿಳಿದಿರುವುದು ಒಳ್ಳೆಯದು. 2017ರಲ್ಲಿ ಅಟ್ಟಾರಿ ಗಡಿಯಲ್ಲಿ 360 ಅಡಿಯ ಕಂಬ ನಿಂತಿತು, ಗಾಳಿಗೆ ಧ್ವಜ ಮತ್ತೆ ಮತ್ತೆ ಹರಿದು ಮತ್ತೆ ಮತ್ತೆ ಬದಲಾಯಿಸಬೇಕಾಯಿತು. 2018ರಲ್ಲಿ ಬೆಳಗಾವಿಯ ಕೋಟೆ ಕೆರೆಯ ದಡದಲ್ಲಿ 110 ಮೀಟರಿನ ಕಂಬ ಬಂತು. 2022ರ ಆಗಸ್ಟ್ 15ಕ್ಕೆ ಹೊಸಪೇಟೆಯಲ್ಲಿ 405 ಅಡಿಯದು. ಒಂದರ ಎತ್ತರವನ್ನು ಇನ್ನೊಂದು ಮೀರುವ ಪೈಪೋಟಿ ಇದು. ಅಲ್ಲಿ ಎಂಜಿನಿಯರುಗಳಿದ್ದಾರೆ, ಮೋಟರಿನ ಗಾಲಿ ಇದೆ, ಹರಿದರೆ ಬದಲಿಸಲು ಸಾರ್ವಜನಿಕ ಹಣವಿದೆ. ಇಷ್ಟಿದ್ದೂ ಗಾಳಿ ಗೆಲ್ಲುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಟ್ಟೆಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೇಲೆ ಹೋದಷ್ಟೂ ಗಾಳಿ ಬಿರುಸು. ನಮ್ಮದು ಆಷಾಢದ ಗಾಳಿಯ ಬಯಲುಸೀಮೆ. ತೆಂಗಿನ ಗರಿ ಮುರಿದು ಬೀಳಿಸುವ ಆ ಗಾಳಿ ಆಗಸ್ಟ್ ಹೊತ್ತಿಗೂ ಪೂರ್ತಿ ತಗ್ಗಿರುವುದಿಲ್ಲ. ಅಂಥ ಗಾಳಿಗೆ ರಾತ್ರಿ ಹಗಲೂ ಒಡ್ಡಿದ ಮನೆಯ ಧ್ವಜ ದೀಪಾವಳಿ ತನಕ ಹೇಗೆ ನೆಟ್ಟಗಿದ್ದೀತು?

“ತೋಟದಲ್ಲಿ ಗಿಡ್ಡ ಕಂಬ ಹಾಕಿದರೆ ಯಾರಿಗೆ ಕಾಣುತ್ತದೆ?” ಎನ್ನುತ್ತಾರೆ. ತೋಟ ಮಾಡಿದವರು ಈ ಪ್ರಶ್ನೆಯನ್ನು ತೋಟಗಾರರ ಕಣ್ಣಿನಿಂದಲೇ ನೋಡಬೇಕು. ನಮ್ಮ ಎತ್ತರದ ತಳಿ, ಹೊರಗಿನವರು ‘ತಿಪಟೂರು ಟಾಲ್’ ಎಂದು ಕರೆಯುವುದು, ಹಳೆಯ ತೋಟಗಳಲ್ಲಿ 50–60 ಅಡಿಗೂ ಬೆಳೆದಿದೆ. ಅದರ ಸುಳಿ ದಾಟಿ ಬಾವುಟ ಕಾಣಬೇಕೆಂದರೆ ಕಂಬ 70 ಅಡಿ ಬೇಕು. ಅಷ್ಟೆತ್ತರದ ಕಂಬಕ್ಕೆ ಆಳದ ಗುಂಡಿ, ಕಬ್ಬಿಣ, ಕಾಂಕ್ರೀಟು. ಗಿಡದಿಂದ ಗಿಡಕ್ಕೆ 30 ಅಡಿ ಬಿಟ್ಟು ಸಸಿ ಕೂರಿಸಿದ ತೋಟದಲ್ಲಿ ಒಂದೊಂದು ಗರಿಯೂ 15 ಅಡಿ ಮೀರಿ ಚಾಚುತ್ತದೆ. ಎಂದರೆ ಅಕ್ಕಪಕ್ಕದ ಮರಗಳ ನಡುವೆ ಆಕಾಶ ಬಿಡುವಾಗಿಲ್ಲ. ಮರದ ಸುಳಿ ದಾಟದ ಕಂಬವನ್ನು ಅಲ್ಲಿ ನಿಲ್ಲಿಸಿದರೆ ಅದರ ಬಟ್ಟೆಯನ್ನು ಗಾಳಿ ಬಂದಾಗಲೆಲ್ಲ ಗರಿಗಳು ತೀಡುತ್ತವೆ. ಗರಿಯ ಅಂಚು ಎಷ್ಟು ಹರಿತ ಎಂಬುದು ಸೋಗೆ ಎಳೆದ ಕೈಗಳಿಗೆ ಗೊತ್ತು. ಗುಂಡಿ ತೋಡಿದರೋ, ತೆಂಗಿಗೆ ತಾಯಿಬೇರಿಲ್ಲ, ಬುಡದ ಸುತ್ತ ಎರಡು ಮೀಟರಿನ ಒಳಗೆ ಹೆಣೆದುಕೊಂಡ ನೂರಾರು ಬೇರುಗಳೇ ಅದರ ಬಾಯಿ. ಜೆಸಿಬಿ ಹಲ್ಲು ಅಲ್ಲಿಗೆ ಹಾಕುವುದು ಆ ಮರದ ಅನ್ನ ಕಿತ್ತಂತೆ.

ಕಂಬದ ಖರ್ಚು ಉಳಿಸಲು ಮರಕ್ಕೇ ಮೊಳೆ ಹೊಡೆದು ಬಾವುಟದ ಗಳ ಕಟ್ಟಿದವರೂ ಇದ್ದಾರೆ. ಇದಕ್ಕಿಂತ ಕೇಡು ಬೇರೆ ಬೇಡ. ಕೆಂಪು ಮೂತಿ ಹುಳು ಹುಡುಕಿಕೊಂಡು ಬರುವುದೇ ತೆಂಗಿನ ಹಸಿ ಗಾಯದ ವಾಸನೆಗೆ. ಗಾಯದಲ್ಲಿ ಮೊಟ್ಟೆ ಇಟ್ಟರೆ ಮರಿಗಳು ಕಾಂಡದ ಒಳಗನ್ನು ತಿನ್ನುತ್ತಾ ಹೋಗುತ್ತವೆ. ಹೊರಗೆ ಗೊತ್ತಾಗುವ ಹೊತ್ತಿಗೆ ಬಹುತೇಕ ಮರ ಕೈಬಿಟ್ಟಿರುತ್ತದೆ. ಅಣಬೆ ರೋಗ, ಕಪ್ಪುತಲೆ ಹುಳು, ನುಸಿ, ಬಿಳಿ ನೊಣ ಎಂದು ಒಂದಾದ ಮೇಲೊಂದು ಕಷ್ಟ ತಿಂದ ತೋಟಕ್ಕೆ ನಾವೇ ಕೈಯಾರೆ ಗಾಯ ಮಾಡಬೇಕೆ?

ರಾತ್ರಿಯೂ ಹಾರಬೇಕು ಎಂದರೆ ಬೆಳಕು ಬೇಕಲ್ಲ. 2009ರಲ್ಲಿ ಭಾರೀ ಸ್ತಂಭಗಳ ಮೇಲೆ ರಾತ್ರಿ ಧ್ವಜ ಹಾರಿಸಲು ಗೃಹ ಸಚಿವಾಲಯ ಮೊದಲು ಒಪ್ಪಿದ್ದೂ ಬೆಳಕಿನ ವ್ಯವಸ್ಥೆ ಇದ್ದರೆ ಮಾತ್ರ ಎಂದು. ಕತ್ತಲಲ್ಲಿ ಬಿಟ್ಟ ಧ್ವಜವನ್ನು ಗೌರವಿಸಿದಂತೆ ಹೇಗಾಗುತ್ತದೆ? ಸರಿ, ಕಂಬದ ಬುಡಕ್ಕೆ ಎಲ್‌ಇಡಿ ದೀಪ ಹಾಕಿಸಿದರು ಎನ್ನಿ. ಸುಳಿ ಕೊರೆಯುವ ದುಂಬಿ ರಾತ್ರಿ ಹಾರುವ ಜೀವ, ಬೆಳಕಿಗೆ ಬರುತ್ತದೆ. ಕಪ್ಪುತಲೆ ಹುಳದ ಪತಂಗವೂ ಹಾಗೆಯೇ. ಇವನ್ನು ಹಿಡಿಯಲು ದೀಪದ ಬಲೆ ಇಡಿ ಎಂದು ತೋಟಗಾರಿಕೆಯವರು ಹೇಳುವುದು ಆ ಕಾರಣಕ್ಕೆ. ಬಲೆಯಿಲ್ಲದ ದೀಪವನ್ನು ರಾತ್ರಿಯಿಡೀ ಉರಿಸುವುದೆಂದರೆ ದುಂಬಿಯನ್ನು ಸುಳಿಯ ಹತ್ತಿರಕ್ಕೆ ಕರೆದು ಬಿಡುವುದು.

ಇನ್ನೊಂದು ವಿಷಯವನ್ನು ಗಟ್ಟಿ ದನಿಯಲ್ಲಿ ಹೇಳಲೇಬೇಕು, ಯಾಕೆಂದರೆ ಅದು ಜೀವದ ಪ್ರಶ್ನೆ. ನಮ್ಮ ತೋಟಗಳ ಮೇಲೆ ಹಾದುಹೋದ ವಿದ್ಯುತ್ ತಂತಿಗಳು ಎಷ್ಟು! ಕಾಯಿ ಕೀಳುವ ಲೋಹದ ದೋಟಿ 11 ಕೆ.ವಿ. ತಂತಿಗೆ ತಾಗಿ ಜನ ಸತ್ತ ಸುದ್ದಿ ತೆಂಗು ಅಡಿಕೆ ಸೀಮೆಯಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಬಿದಿರಿನ ದೋಟಿಯಿದ್ದ ಕಾಲದಲ್ಲಿ ಈ ಭಯ ಇಷ್ಟಿರಲಿಲ್ಲ. ಈಗ ಅದೇ ತಂತಿಯ ಪಕ್ಕದಲ್ಲಿ ಉದ್ದನೆಯ ಲೋಹದ ಕಂಬವನ್ನು ನಾಲ್ಕು ಜನ ಕೈಯಲ್ಲಿ ಎತ್ತಿ ನಿಲ್ಲಿಸುತ್ತಾರೆ. ಎತ್ತುವಾಗ ಒಂದು ಕಡೆ ವಾಲಿದರೆ ಏನು ಗತಿ? ಒದ್ದೆಯಾದ ಹಗ್ಗ ಹಾರಿ ತಂತಿಗೆ ಸುತ್ತಿಕೊಂಡರೆ? ಕಂಬ ಬುಡ ಸಮೇತ ಮಲಗಿದರೂ ತಂತಿಗೆ ತಾಗದಷ್ಟು ದೂರದಲ್ಲಿ ಮಾತ್ರ ಅದು ಇರಬೇಕು, ಅಷ್ಟು ಜಾಗವಿಲ್ಲದಿದ್ದರೆ ಆ ಅಂಗಳಕ್ಕೆ ಲೋಹದ ಕಂಬ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಸಿಡಿಲು ಹೊಡೆದು ಸುಳಿ ಸುಟ್ಟ ತೆಂಗನ್ನು ನಾವೆಲ್ಲ ನೋಡಿದ್ದೇವೆ. ಬಯಲಲ್ಲಿ ಒಂಟಿಯಾಗಿ ನಿಂತ, ಅರ್ತಿಂಗ್ ಇಲ್ಲದ ಸ್ಟೀಲ್ ಕಂಬಕ್ಕೆ ಮಕ್ಕಳು ಒರಗಿ ಆಡುತ್ತಾರೆ ಎಂಬುದನ್ನು ಕಂಬ ಮಾರುವವರು ಯೋಚಿಸುವುದಿಲ್ಲ. ಮನೆಯವರು ಯೋಚಿಸಬೇಕು.

ಇನ್ನು ಬಟ್ಟೆಯ ಮಾತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಕ್ಕೂ ಅವಕಾಶ ಸಿಕ್ಕಿತು. ಅಲ್ಲಿಯವರೆಗೆ ಕೈನೂಲು, ಕೈಮಗ್ಗದ ಬಟ್ಟೆಯಾಗಿರಬೇಕಿತ್ತು. ಮರುವರ್ಷ ಅಂಚೆ ಕಚೇರಿಗಳಲ್ಲೇ 25 ರೂಪಾಯಿಗೆ ಧ್ವಜ ಸಿಕ್ಕಿತು. ಬಡವರ ಮನೆಗೂ ಧ್ವಜ ಬಂತಲ್ಲ ಎಂಬ ಮಾತನ್ನು ನಾನು ಹಗುರ ಮಾಡುವುದಿಲ್ಲ, ಅದು ಸಂತೋಷದ ವಿಷಯವೇ. ಆದರೆ ಪಾಲಿಯೆಸ್ಟರ್ ಹಾಳಾಗುವುದಿಲ್ಲ, ಆದ್ದರಿಂದ ಅದೇ ಉತ್ತಮ ಎಂಬ ವಾದ ನಿಲ್ಲುವುದಿಲ್ಲ. ನೊಣವಿನಕೆರೆ ಕಡೆ ಕಂಡದ್ದು ಪಾಲಿಯೆಸ್ಟರ್ ಧ್ವಜವೇ. ಬಿಸಿಲಿಗೆ ಬಣ್ಣ ಬಿಡುತ್ತದೆ, ಗಾಳಿಗೆ ಅಂಚು ಎಳೆ ಬಿಡುತ್ತದೆ, ಆದರೆ ಮಣ್ಣಾಗುವುದಿಲ್ಲ. ಹಳೆಯ ಧ್ವಜವನ್ನು ಯಾರಿಗೂ ಕಾಣದಂತೆ ಪೂರ್ತಿಯಾಗಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ಇಲ್ಲವಾಗಿಸಿ ಎನ್ನುತ್ತದೆ ಸಂಹಿತೆ. ಖಾದಿ ಧ್ವಜ ಒಂದು ಹಿಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕಿ, ಕರಿ ಹೊಗೆ ಕಾರಿ, ಗಟ್ಟಿ ಗಂಟಾಗಿ ಉಳಿಯುತ್ತದೆ. ಆ ಗಂಟನ್ನು ಎಲ್ಲಿಡುತ್ತೀರಿ? ಯಾವ ತಿಪ್ಪೆಗೆ ಹಾಕುತ್ತೀರಿ?

ಕರ್ನಾಟಕದವರಾದ ನಮಗೆ ಇದರಲ್ಲಿ ಹೆಚ್ಚಿನ ಹೊಣೆಯಿದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 2004ರಿಂದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುತ್ತಿದೆ. ಭಾರತೀಯ ಮಾನಕ ಸಂಸ್ಥೆಯ ಪ್ರಮಾಣ ಪಡೆದು ದೇಶಕ್ಕೆಲ್ಲ ಧ್ವಜ ಕಳಿಸುವ ಜಾಗ ಅದು. ಧಾರವಾಡ ಬಳಿಯ ಗರಗದ ಹೆಸರೂ ಧ್ವಜದ ಖಾದಿಯ ಜೊತೆ ಸೇರಿಕೊಂಡೇ ಬಂದಿದೆ. ಸ್ವತಂತ್ರ ಭಾರತದ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯ ಮಾನಕವೇ ರಾಷ್ಟ್ರಧ್ವಜದ್ದು, 1951ರಷ್ಟು ಹಿಂದಿನದು. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಹೊಲಿಗೆ, ಚಕ್ರದ ಅಳತೆ ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ, ಬೆಂಗೇರಿಯಲ್ಲಿ ಆ ಲೆಕ್ಕಕ್ಕೆ ಕಣ್ಣು ಕೈ ಕೊಟ್ಟವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಾಲಿಯೆಸ್ಟರಿಗೆ ಬಾಗಿಲು ತೆರೆದಾಗ ಅಲ್ಲಿಂದ ವಿರೋಧದ ದನಿ ಎದ್ದದ್ದು ಹೊಟ್ಟೆಪಾಡಿಗಾಗಿ ಮಾತ್ರ ಎಂದು ತಳ್ಳಿಹಾಕುವಂತಿಲ್ಲ. ಕೊಬ್ಬರಿಗೆ ಬೆಂಬಲ ಬೆಲೆ ಕೊಡಿ, ನಾವು ಬೆಳೆದದ್ದನ್ನು ಕೊಳ್ಳಿ ಎಂದು ತಿಪಟೂರಿನಲ್ಲಿ ಧರಣಿ ಕೂತವರಿಗೆ ಗರಗ, ಬೆಂಗೇರಿಯ ಕೈಗಳ ಸಂಕಟ ಅರ್ಥವಾಗಲೇಬೇಕು. ಖಾದಿ ಧ್ವಜ ದುಬಾರಿ, ನಿಜ. ವರ್ಷಕ್ಕೆ ನಾಲ್ಕಾರು ದಿನ ಹಾರಿಸಿ, ಸಂಜೆ ಇಳಿಸಿ, ಮಡಿಸಿಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ. ಖರ್ಚಾಗುವುದು ವರ್ಷವಿಡೀ ಗಾಳಿಗೆ ಬಿಟ್ಟಾಗ.

ನನ್ನ ಮಾತು ಕೇಳಿದ ಕೆಲವರು, ಧ್ವಜ ಹಾರಿಸುವವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೀರಿ ಎಂದು ನೊಂದುಕೊಂಡಿದ್ದಾರೆ. ಅವರಿಗೆ ನಾನು 1938ನ್ನು ನೆನಪಿಸುತ್ತೇನೆ. ಆ ವರ್ಷದ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಚರಕದ ತ್ರಿವರ್ಣ ಧ್ವಜ ಏರಿಸುವುದು ಮೈಸೂರು ಸಂಸ್ಥಾನದಲ್ಲಿ ಆಗ ನಿಷಿದ್ಧ, ಏರಿಸಿದವರನ್ನು ಬಂಧಿಸುತ್ತಿದ್ದರು, ಬಂಧನಕ್ಕೆ ಸಿದ್ಧರಾಗಿ ಮತ್ತೆ ಮತ್ತೆ ಏರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಆ ಸಾವುಗಳ ನಂತರವೇ ಸರ್ದಾರ್ ಪಟೇಲರು ಮೈಸೂರಿಗೆ ಬಂದದ್ದು, ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರದೊಡನೆ ಮಾತಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದವಾದದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಆಗ ಅದೇ ಸಂಸ್ಥಾನದ ಊರುಗಳು. ಇವತ್ತು ನಮ್ಮ ಅಂಗಳದಲ್ಲಿ ಯಾರನ್ನೂ ಕೇಳದೆ ಕಂಬ ನೆಡುವ ಸ್ವಾತಂತ್ರ್ಯ ಬಂದದ್ದು ಆ ದಾರಿಯಲ್ಲಿ.

ಶಿವಪುರದಲ್ಲಿ ಧ್ವಜಕ್ಕೆ ಬೆಲೆ ಬಂದದ್ದು ಕಂಬದ ಎತ್ತರದಿಂದಲ್ಲ. ಒಬ್ಬರನ್ನು ಹಿಡಿದುಕೊಂಡು ಹೋದರೆ ಇನ್ನೊಬ್ಬರು ಹಗ್ಗ ಹಿಡಿಯಲು ಮುಂದೆ ಬರುತ್ತಿದ್ದರು. ಪ್ರತಿ ಸಲವೂ ಒಬ್ಬ ಮನುಷ್ಯ ತನ್ನ ಮೈಯನ್ನೇ ಪಣಕ್ಕಿಟ್ಟು ನಿಂತಿದ್ದ. ಅದರ ವಾರಸುದಾರರಾದ ನಮ್ಮಿಂದ ಕೇಳಿರುವುದು ಸಂಜೆಯ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೂ ಪುರುಸೊತ್ತಿಲ್ಲ ಎನ್ನುವವರು ಅರವತ್ತು ಅಡಿಯ ಕಂಬದಿಂದ ಏನನ್ನು ತೋರಿಸಲು ಹೊರಟಿದ್ದಾರೆ? 2024ರ ಜನವರಿಯಲ್ಲಿ, ಶಿವಪುರ ಇರುವ ಮಂಡ್ಯ ಜಿಲ್ಲೆಯದೇ ಕೆರಗೋಡಿನಲ್ಲಿ 108 ಅಡಿಯ ಕಂಬದ ಸುತ್ತ, ಅದರ ಮೇಲೆ ಯಾವ ಬಾವುಟ ಇರಬೇಕು ಎಂಬ ಜಗಳದಲ್ಲಿ ಊರು ಪೊಲೀಸರಿಂದ ತುಂಬಿಹೋಯಿತು. ಎತ್ತರದ ಕಂಬ ಎದ್ದಲ್ಲಿ ಅದು ಯಾರದು ಎಂಬ ಪ್ರಶ್ನೆಯೂ ಏಳುತ್ತದೆ. ಮನೆಯಂಗಳದ ಸಣ್ಣ ಕಂಬಕ್ಕೆ ಆ ಹಂಗಿಲ್ಲ.

ಹಾಗಾದರೆ ಹೇಗಿರಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದು. ತೋಟದ ಮನೆಗಳಲ್ಲಿ ಕಣ ಇನ್ನೂ ಉಳಿದಿದ್ದರೆ ಅದೇ ಜಾಗ. ರಾಗಿ ಒಕ್ಕಣೆ ಕಣದಿಂದ ಡಾಂಬರು ರಸ್ತೆಗೆ ಹೋದದ್ದು ಬೇರೆ ದುಃಖ, ಆದರೆ ತೆಂಗಿನ ನೆರಳಿಲ್ಲದ, ಆಕಾಶ ಬಿಚ್ಚಿದ ನೆಲ ಮನೆಯ ಬಳಿ ಅದೊಂದೇ. ಕಣದ ಅಂಚಿನಲ್ಲಿ ಎರಡು ಎರಡೂವರೆ ಅಡಿ ಆಳಕ್ಕೆ ದಪ್ಪ ಪೈಪಿನ ತುಂಡೊಂದನ್ನು ಹೂಳಿ, ಅದರೊಳಗೆ ಕಂಬ ಇಳಿಸಿ ನಿಲ್ಲಿಸುವಂತಿರಲಿ, ಕೆಲಸವಿಲ್ಲದ ದಿನ ಕಂಬವನ್ನೇ ತೆಗೆದು ಜಗಲಿಗೆ ಇಡಬಹುದು. ಒಣಗಿದ ಅಡಿಕೆ ಮರದ ಗಳ ಸಾಕು, ನೆಟ್ಟಗಿನ ಬಿದಿರು ಸಾಕು. 15–20 ಅಡಿ ಎತ್ತರ, ತುದಿಗೆ ಒಂದು ರಾಟೆ, ಒಳ್ಳೆಯ ನೂಲಿನ ಹಗ್ಗ. ಧ್ವಜದ ಒಂಬತ್ತು ಅಧಿಕೃತ ಅಳತೆಗಳಲ್ಲಿ 900×600 ಮಿಲಿಮೀಟರಿನದು ಇಂಥ ಕಂಬಕ್ಕೆ ಒಪ್ಪುತ್ತದೆ, ಅಂಗಳ ವಿಶಾಲವಾಗಿದ್ದರೆ 1350×900. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಮನೆಯಲ್ಲೊಂದು ಸಂತೋಷದ ದಿನ. ನವೆಂಬರ್ 1ರಂದು ಕನ್ನಡ ಬಾವುಟ ಹಾರಿಸುವವರು ಅದಕ್ಕೆ ಬೇರೆ ಕಡೆ ಬೇರೆ ಕಂಬ ಮಾಡಲಿ, ಎರಡನ್ನೂ ಒಂದೇ ಹಗ್ಗಕ್ಕೆ ಪೋಣಿಸುವುದು ಬೇಡ. ಏರಿಸುವ ಕೆಲಸ ಹಿರಿಯರಿಗೆ ಇರಲಿ. ಇಳಿಸಿ ಮಡಿಸುವ ಕೆಲಸ ಮನೆಯ ಮಕ್ಕಳಿಗೆ, ಗಂಡು ಹೆಣ್ಣು ಎನ್ನದೆ, ಸರದಿಯಲ್ಲಿ. ಕೊಬ್ಬರಿ ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಕಾಯುವ ತಾಳ್ಮೆಯುಳ್ಳ ಮನೆಗಳು ಇವು. ಒಂದು ತುಂಡು ಬಟ್ಟೆಗೆ ಸಂಜೆಯ ಆರೈಕೆ ಕೊಡುವುದು ಇವರಿಗೆ ಹೊರೆಯಾಗದು.

ಈಗಾಗಲೇ ಸ್ಟೀಲ್ ಕಂಬ ಹಾಕಿಸಿದವರು ಅದನ್ನು ಕಿತ್ತುಹಾಕಬೇಕು ಎಂದು ನಾನು ಹೇಳುತ್ತಿಲ್ಲ. ತಂತಿಯ ಹತ್ತಿರವಿದ್ದರೆ ಮಾತ್ರ ಇವತ್ತೇ ಲೈನ್‌ಮನ್ನರನ್ನು ಕರೆಸಿ, ಅವರ ಎದುರಿಗೆ ಇಳಿಸಿ. ಉಳಿದವರು ಅರ್ತಿಂಗ್ ಮಾಡಿಸಿ, ರಾಟೆಗೆ ಎಣ್ಣೆ ಬಿಡಿ, ಹಗ್ಗ ಸವೆದಿದ್ದರೆ ಬದಲಾಯಿಸಿ. ಮೇಲಿರುವ ಧ್ವಜ ಬಣ್ಣ ಬಿಟ್ಟಿದ್ದರೆ, ಅಂಚು ಹರಿದಿದ್ದರೆ ಇವತ್ತಿನ ಹೊತ್ತು ಮುಳುಗುವ ಮೊದಲು ನಿಧಾನವಾಗಿ ಇಳಿಸಿಕೊಳ್ಳಿ, ನೆಲಕ್ಕೆ ಮುಟ್ಟದಂತೆ ಇನ್ನೊಬ್ಬರು ಕೈಯೊಡ್ಡಲಿ. ಮುಂದಿನ ಹಬ್ಬದ ತನಕ ಕಂಬ ಬರಿದಾಗಿಯೇ ನಿಂತಿರಲಿ, ಅದರಿಂದ ಯಾರ ದೇಶಪ್ರೇಮವೂ ಕಡಿಮೆಯಾಗುವುದಿಲ್ಲ.